ಹೊರಗಡೆಯ ಚಿಲಕ

ದಿನಾ ಮಧ್ಯಾಹ್ನ ಟೈಲರ್ ಅಂಗಡಿಯ ಹಿಂದಿನ ಕೋಣೆಯಿಂದ ಅಮ್ಮನ ದನಿ ಬರುತ್ತಿತ್ತು.

"ಬಾರೋ ಮಗಾ, ಊಟ ಆರಿಹೋಗುತ್ತೆ."

ಅಮ್ಮ ತೀರಿಹೋಗಿ ತಿಂಗಳುಗಳೇ ಆಗಿದ್ದವು. ದನಿ ಟೈಲರ್‌ನ ತಮ್ಮನದು. ಅದು ಕೇಳಿದ್ದೇ ಟೈಲರ್ ಮೆಷಿನ್ ನಿಲ್ಲಿಸಿ, "ಸುಮ್ಮನಿರೋ" ಅಂತ ಗದರಿ, ಹಲ್ಲು ಕಚ್ಚಿಕೊಂಡು ಊಟಕ್ಕೆ ಏಳುತ್ತಿದ್ದ.

ತಮ್ಮನಿಗೆ ಬೀದಿಯವರು ಇಟ್ಟ ಹೆಸರು ರೇಡಿಯೊ. ಒಂದು ಕಾಲಕ್ಕೆ ಇಡೀ ಬೀದಿ ಅವನ ಗಂಟಲಲ್ಲಿ ಬಾಡಿಗೆಗಿತ್ತು. ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು, "ಒಂದಿಂಚು ಕಮ್ಮೀನೇ ಹಿಡಿಯಪ್ಪಾ" ಅನ್ನುವ ಗಿರಾಕಿಯನ್ನು ಆತನ ಎದುರಿಗೇ ಅಣಕಿಸುತ್ತಿದ್ದ. ಗಿರಾಕಿಯೂ ನಕ್ಕು, ಹಿಡಿದ ಉಸಿರು ಬಿಟ್ಟು, ಸರಿಯಾದ ಅಳತೆ ಕೊಡುತ್ತಿದ್ದ.

ಆಮೇಲೆ ತಮ್ಮನಿಗೆ ನಿದ್ದೆಯೇ ಬಾರದಾಯಿತು. ಯಾರೋ ತನ್ನ ಮಾತು ಕದಿಯುತ್ತಿದ್ದಾರೆ ಅಂದ. ಒಂದು ದಿನ ಅಂಗಡಿಯ ಕನ್ನಡಿ ಒಡೆದ. ಅಣ್ಣ ಕೋಣೆಯ ಬಾಗಿಲಿಗೆ ಹೊರಗಡೆಯಿಂದ ಚಿಲಕ ಹಾಕಿಸಿದ. ಅಮ್ಮ ಇರುವಷ್ಟು ದಿನ ಹಗಲಲ್ಲಿ ಅದನ್ನು ತೆಗೆದು, ಹೊಸ್ತಿಲಲ್ಲಿ ಕೂತು ಉಣ್ಣಿಸುತ್ತಿದ್ದಳು. ಅವಳು ಹೋದ ದಿನ ಮನೆ ತುಂಬ ಜನ. ಯಾರೂ ಚಿಲಕ ತೆಗೆಯಲಿಲ್ಲ. ಅವನಿಗೇನು ತಿಳಿಯುತ್ತೆ ಅಂತ ಯಾರೋ ಅಂದರು, ಎಲ್ಲರೂ ಹೌದೆಂದರು. ಆಮೇಲೂ ಯಾರೂ ಅವನಿಗೆ ಹೇಳಲಿಲ್ಲ.

ಈಗ ಟೈಲರ್ ಅವನನ್ನು ದೂರದ ಒಂದು ಆಶ್ರಮಕ್ಕೆ ಸೇರಿಸಲು ಮಾತಾಡಿ ಬಂದಿದ್ದ. ಅಲ್ಲಿ ಎತ್ತರದ ಗೋಡೆ, ಒಳಗೆ ಹೋದವರ ಸುದ್ದಿ ಹೊರಗೆ ಬಂದದ್ದಿಲ್ಲ. ಸೋಮವಾರ ವ್ಯಾನು ಬರುವುದಿತ್ತು. ಅತ್ತಿಗೆಗೆ, ಅಂದರೆ ಟೈಲರ್‌ನ ಹೆಂಡತಿಗೆ, ಇದನ್ನು ತಾಳಲಾಗಲಿಲ್ಲ. ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿಯ ಮನಶ್ಶಾಸ್ತ್ರಜ್ಞೆಯನ್ನು ಕರೆದುಕೊಂಡೇ ಬಂದಳು.

ಟೈಲರ್ ಮೆಷಿನ್‌ನಿಂದ ಕಾಲು ತೆಗೆಯಲಿಲ್ಲ. ಎಂಥಾ ಇಂಜೆಕ್ಷನ್ ತಂದಿದ್ದೀರಿ ಅಂತ ಕೇಳಿದ. ಔಷಧಿ ಕೊಡುವುದು ಕೇಂದ್ರದ ಡಾಕ್ಟರರ ಕೆಲಸ, ಕೂತು ಕೇಳುವುದು ತನ್ನ ಕೆಲಸ ಅಂದಳು ಆಕೆ. ಮನಸ್ಸಿಗೆ ಕಾಯಿಲೆ ಬಂದವರ ಹಕ್ಕನ್ನು ಯಾರೂ ತುಳಿಯದ ಹಾಗೆ ನೋಡಿಕೊಳ್ಳುವುದೂ ಅದೇ ಕೆಲಸದಲ್ಲಿ ಸೇರಿದೆ ಅಂದಳು.

"ತಲೆ ಕೆಟ್ಟವನಿಗೆ ಎಂಥಾ ಹಕ್ಕು ಮೇಡಂ? ಕನ್ನಡಿ ಒಡೆಯೋ ಹಕ್ಕಾ?"

ಆಕೆಗೂ ನಗು ಬಂತು. "ಅದು ನಿಮಗೂ ಇಲ್ಲ, ಅವರಿಗೂ ಇಲ್ಲ. ಆದರೆ ಕಾಯಿಲೆ ಅಂತ ಕೂಡಿಹಾಕಬಾರದು, ಕಟ್ಟಬಾರದು. ಚಿಕಿತ್ಸೆ ಸಿಗಬೇಕು. ಎಲ್ಲಿರ್ತೀಯಾ ಅಂತ ಅವರನ್ನೂ ಕೇಳಬೇಕು. ನೀವು ಅಳತೆ ತಗೊಳ್ಳದೆ ಯಾರಿಗಾದರೂ ಅಂಗಿ ಹೊಲಿದಿದ್ದೀರಾ?"

ಅಷ್ಟರಲ್ಲಿ ಒಳಗಿಂದ ದನಿ ಬಂತು. ಬಾರೋ ಮಗಾ. ಮೆಷಿನ್ ನಿಂತಿತು.

ಅದು ಯಾರ ದನಿ ಅಂತ ಮೇಡಂ ಕೇಳಿದಳು. ಅತ್ತಿಗೆ ಎಲ್ಲ ಹೇಳಿದಳು.

"ಅಮ್ಮ ಇಲ್ಲ ಅಂತ ಇನ್ನೂ ಹೇಳಿಲ್ವಾ?"

"ಗಾಬರಿ ಬೀಳ್ತಾನೆ," ಅಂದ ಟೈಲರ್.

"ಬೀಳಬಹುದು. ನಾನು ಜೊತೆಗಿರ್ತೀನಿ. ಹೆತ್ತವಳು ಹೋದಳು ಅಂತ ತಿಳಿದು ಅಳೋದಕ್ಕೂ ಮನುಷ್ಯನಿಗೆ ಹಕ್ಕಿದೆ ಅಣ್ಣ."

ಆಕೆ ಕೋಣೆಯ ಮುಂದೆ ನಿಂತು ಬಾಗಿಲು ತಟ್ಟಿದಳು. ಒಳಗೆ ಬರಬಹುದಾ ಅಂತ ಕೇಳಿದಳು. ಚಿಲಕ ಇದ್ದದ್ದು ಹೊರಗಡೆ. ಆ ಪ್ರಶ್ನೆಯನ್ನು ಆ ಬಾಗಿಲಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಆಕೆ ಚಿಲಕ ಮುಟ್ಟದೆ ಕಾದಳು. ಆಮೇಲೆ "ಬನ್ನಿ" ಅಂತ ಕೇಳಿಸಿತು. ಅದು ಯಾರ ಅನುಕರಣೆಯೂ ಅಲ್ಲ, ಅವನದೇ ದನಿ, ಬಳಸದೆ ತುಕ್ಕು ಹಿಡಿದದ್ದು.

ಟೈಲರ್ ಚಿಲಕ ತೆಗೆದು ಒಳಗೆ ಹೋಗಿ, ತಮ್ಮನ ಎದುರು ನೆಲದ ಮೇಲೆ ಕೂತ. ಕುತ್ತಿಗೆಯಲ್ಲಿದ್ದ ಅಳತೆಯ ಟೇಪನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಅಮ್ಮ ಹೋಗಿಬಿಟ್ಟಳು ಕಣೋ."

"ಗೊತ್ತು," ಅಂದ ತಮ್ಮ. "ಅವತ್ತು ನೀನು ಅತ್ತಿದ್ದು ಬಾಗಿಲ ಸಂದಿಯಲ್ಲಿ ಕೇಳಿಸ್ತು. ನೀನೇ ಬಂದು ಹೇಳ್ತೀಯ ಅಂತ ಕಾದೆ."

"ಮತ್ತೆ ದಿನಾ ಯಾಕೋ ಅವಳ ಹಾಗೆ ಕರೀತೀಯ?"

"ಅವಳು ಹೋದ ಮೇಲೆ ನೀನು ಮಧ್ಯಾಹ್ನ ಊಟ ಬಿಟ್ಟಿದ್ದೆ. ಮೆಷಿನ್ ನಿಲ್ಲುತ್ತಲೇ ಇರಲಿಲ್ಲ. ಅವಳು ಕರೆದರೆ ಏಳ್ತೀಯ ಅಂತ."

ಟೈಲರ್ ತಮ್ಮನ ಮೊಣಕಾಲಿಗೆ ಹಣೆಯಿಟ್ಟು ಅತ್ತ. ತಮ್ಮನೂ ಅತ್ತ. ಅಂತೂ ಇಬ್ಬರೂ ಒಂದೇ ಕೋಣೆಯಲ್ಲಿ ಅತ್ತರು.

ಎಲ್ಲಿರಬೇಕು ಅನಿಸುತ್ತೆ ಅಂತ ಮೇಡಂ ಕೇಳಿದಾಗ ತಮ್ಮ ಬಾಗಿಲ ಕಡೆ ನೋಡಿದ. "ಇಲ್ಲೇ. ಚಿಲಕ ಮಾತ್ರ ಒಳಗಡೆ ಇರಲಿ."

ಸೋಮವಾರ ಬಂದ ವ್ಯಾನನ್ನು ಟೈಲರೇ ವಾಪಸ್ ಕಳಿಸಿದ. ಈಗ ಚಿಕಿತ್ಸೆ ನಡೆಯುತ್ತಿದೆ. ಕೆಲವು ದಿನ ಚೆನ್ನಾಗಿರುತ್ತವೆ, ಕೆಲವು ಇರುವುದಿಲ್ಲ. ಬಾಗಿಲ ಹೊರಮೈಯಲ್ಲಿ ಹಳೆಯ ಸ್ಕ್ರೂಗಳ ತೂತುಗಳು ಹಾಗೇ ಉಳಿದಿವೆ. ಅಮ್ಮನ ದನಿಯನ್ನು ರೇಡಿಯೊ ಮತ್ತೆ ಹಾಕಲಿಲ್ಲ. ಮಧ್ಯಾಹ್ನವಾದರೆ ಟೈಲರ್ ಮೆಷಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಕಿವಿಗೊಡುತ್ತಾನೆ. ಆಮೇಲೆ ತಾನೇ ಎದ್ದು ಹೋಗಿ ಬಾಗಿಲು ತಟ್ಟುತ್ತಾನೆ. "ಬಾರೋ, ಊಟ ಆರಿಹೋಗುತ್ತೆ."

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹೊರಗಡೆಯಿಂದ ಚಿಲಕ ಹಾಕಿದ ಬಾಗಿಲೊಂದು ಇದ್ದರೆ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಹೇಳಿ. ಮನಶ್ಶಾಸ್ತ್ರಜ್ಞರು ಬರುವವರೆಗೆ ಒಂದು ಕೆಲಸ ನೀವೇ ಮಾಡಬಹುದು. ಆ ಬಾಗಿಲು ತಟ್ಟಿ, ಒಳಗೆ ಬರಬಹುದಾ ಅಂತ ಕೇಳಿ. ಉತ್ತರ ಬರುವವರೆಗೆ ಕಾಯಿರಿ.