ಸ್ವಚ್ಛತೆಯ ಪಾಠ

“ಮೈ ತೊಳ್ಕೊಳ್ಳೋದು ಗೊತ್ತಿಲ್ಲ, ರೋಗ ಬಂದಾಗ ಮಾತ್ರ ಡಾಕ್ಟ್ರು ಬೇಕು! ಏಳೇ ಮೇಲೆ. ಎಲ್ಲಾ ಇವಳನ್ನ ನೋಡಿ.”

ಮಂಜಿ ಎದ್ದು ನಿಂತಳು. ಯಲ್ಲಾಪುರದಲ್ಲಿ ಅಂದು ಮಹಿಳಾ ಆರೋಗ್ಯ ದಿನ. ವೇದಿಕೆಯ ಮೇಲೆ ಡಾಕ್ಟರು ಕಮಲಾಕರ, ಅವರ ಪಕ್ಕ ಗರ್ಭನಾಳದ ದೊಡ್ಡ ಚಿತ್ರ, ಕೆಳಗೆ ಕೂಲಿ ಬಿಟ್ಟು ಬಂದ ನೂರು ಹೆಂಗಸರು. ಬಾರದಿದ್ದರೆ ರೇಷನ್ ಕಾರ್ಡು ಹೋದೀತೆಂದು ನರ್ಸಮ್ಮ ಹೆದರಿಸಿದ್ದಳು. ಬಡವರ ಆರೋಗ್ಯದ ಮೇಲೆ ಸರ್ಕಾರಕ್ಕೆ ಅಷ್ಟು ಅಕ್ಕರೆ!

ಮಂಜಿ ಬಂದದ್ದು ಒಂದು ಚೀಟಿಗಾಗಿ. ಎರಡು ವರ್ಷದಿಂದ ಕಿಬ್ಬೊಟ್ಟೆ ನೋವು, ಜ್ವರ, ಬಿಳಿಸೆರಗು. ನಾಳ ಬಾತು ಮುಚ್ಚಿಹೋಗಿದೆ, ಇನ್ನು ಬಸಿರು ನಿಲ್ಲದು ಎಂದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೇಳಿದ್ದರು. “ಊರು ಮೇದು ತಂದ ರೋಗ” ಎಂದು ಅತ್ತೆ ಕಲ್ಲವ್ವ ಮಗ ಮಾದೇವನಿಗೆ ಬೇರೆ ಹೆಣ್ಣು ಹುಡುಕುತ್ತಿದ್ದಳು. ರೋಗ ಎಲ್ಲಿಂದ ಬಂತೆಂದು ಡಾಕ್ಟರು ಬರೆದುಕೊಟ್ಟರೆ ಮಂಜಿಗೆ ಮನೆ ಉಳಿಯುತ್ತಿತ್ತು. ಕೇಳಲು ಹೋದಾಗ ಡಾಕ್ಟರು ಬರೆಯಲಿಲ್ಲ, ಭಾಷಣಕ್ಕೊಂದು ಉದಾಹರಣೆ ಸಿಕ್ಕಿತೆಂದು ‘ಸಭೆಗೆ ಬಾ, ಅಲ್ಲೇ ನೋಡೋಣ’ ಎಂದಿದ್ದರು.

“ನಾಳ ಬಾತುಕೊಳ್ಳೋದು ಯಾಕೆ?” ಡಾಕ್ಟರು ಚಿತ್ರವನ್ನು ಕೋಲಿನಿಂದ ಕುಟ್ಟಿದರು. “ಒಂದು, ಕೊಳಕು. ಎರಡು, ನಡತೆ. ನಿನ್ನದು ಯಾವುದೇ?”

ಮುಂದಿನ ಕುರ್ಚಿಯ ಗಣ್ಯರು ನಕ್ಕರು. ಮಂಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಮೂರನೇದು ನಾ ಹೇಳ್ತೆ. ಎರಡು ವರ್ಷದ ಹಿಂದೆ ನಮ್ಮೂರ ಶಾಲೇಲಿ ಕಾಪರ್-ಟಿ ಕ್ಯಾಂಪ್ ಮಾಡಿದ್ರಲ, ಮರ್ತೋಯ್ತಾ? ನಂಗೆ ಇನ್ನೊಂದು ಮಗು ಬೇಕು ಅಂದೆ. ‘ಬೇಕಾದಾಗ ತೆಗ್ಸು, ಈಗ ಮಲಗೇ’ ಅಂದ್ರಿ. ಇಪ್ಪತ್ತು ಹೆಂಗಸ್ರಿಗೆ ಒಂದೇ ಚಿಮಟ. ಒಬ್ಬಳ ಒಳಗಿಂದ ತೆಗ್ದು, ಬೋಗುಣಿ ನೀರಲ್ಲಿ ಅದ್ದಿ, ಇನ್ನೊಬ್ಬಳಿಗೆ. ನೀರು ಕೆಂಪಾದ್ರೂ ಚೆಲ್ಲಿಲ್ಲ. ಕುದ್ಸಿ ಅಂದ್ರೆ, ‘ಸ್ಟೋವಿನ ಮೇಲೆ ಸಾಹೇಬ್ರ ಚಾ ಅದೆ’ ಅಂದ್ಲು ನರ್ಸಮ್ಮ. ನಿಮ್ಮ ಚಾ ಕುದೀತು, ನನ್ನ ಹೊಟ್ಟೆ ಕೊಳೀತು.”

“ಬಾಯಿ ಮುಚ್ಚೇ ರಂಡೆ!”

ಡಾಕ್ಟರ ಬಾಯಿಯ ಸ್ವಚ್ಛತೆ ಮೈಕಿನಲ್ಲಿ ಪೇಟೆಗೆಲ್ಲ ಕೇಳಿಸಿತು. ಮಂಜಿ ಬೆನ್ನು ತಿರುಗಿಸಿ ಹೆಂಗಸರ ಕಡೆ ನೋಡಿದಳು.

“ಅವತ್ತು ಆ ಮೇಜಿನ ಮೇಲೆ ಮಲಗಿ, ಇವತ್ತಿಗೂ ಹೊಟ್ಟೆ ಹಿಡ್ಕಂಡು ಕೂತವ್ರು ಏಳ್ರೇ. ನಾಚ್ಕೆ ಪಡೂದು ನಾವಲ್ಲ.”

ಯಾರೂ ಏಳಲಿಲ್ಲ. ಆಮೇಲೆ ಗೋಡೆಯ ಹತ್ತಿರ ಒಬ್ಬಳು ಎದ್ದಳು. ಅವಳು ಗಣಪಿ, ಕಲ್ಲವ್ವನ ಸ್ವಂತ ಮಗಳು. ಪಕ್ಕದಲ್ಲಿ ಕೂತಿದ್ದ ಕಲ್ಲವ್ವ ಸೀರೆ ಹಿಡಿದು ಜಗ್ಗಿದಳು.

“ಕೂತ್ಕಳೇ, ಮಾನ ತೆಗೀಬೇಡ!”

“ನಂಗೂ ಅದೇ ನೋವು ಅಬ್ಬೆ,” ಎಂದಳು ಗಣಪಿ. “ನಾ ಯಾವೂರು ಮೇಯೂಕೆ ಹೋಗಿದ್ದೆ, ಹೇಳು?”

ಕಲ್ಲವ್ವನ ಕೈ ಸಡಿಲವಾಯಿತು. ಗಣಪಿಯ ಹಿಂದೆ ಇನ್ನೊಬ್ಬಳು ಎದ್ದಳು, ಮತ್ತೊಬ್ಬಳು ಎದ್ದಳು. ಡಾಕ್ಟರು ಮೈಕು ಬಂದ್ ಮಾಡಿಸಿದರು. ಮಂಜಿ ತನ್ನನ್ನೂ ಸೇರಿಸಿ ಎದ್ದವರನ್ನೆಲ್ಲ ಎಣಿಸಿಕೊಂಡು ವೇದಿಕೆ ಹತ್ತಿ, ಡಾಕ್ಟರ ಜೇಬಿನ ಪೆನ್ನು ಕಿತ್ತು ಅವರ ಕೈಗೇ ಕೊಟ್ಟಳು.

“ನಂಗೊಬ್ಬಳಿಗೇ ಬೇಡ. ಹದಿನಾಲ್ಕು ಚೀಟಿ ಬರೀರಿ.”