ಜವರಮ್ಮ ಸೀಳದ ಬುಡಗಳು

“ಅದನ್ನ ಮುಟ್ಬೇಡಿ ಮಾವ!”

ಮೇಸ್ತ್ರಿ ರುದ್ರಪ್ಪ ಟಾರ್ಪಾಲಿನ ಒಂದು ತುದಿಯನ್ನು ಆಗಲೇ ಎತ್ತಿದ್ದ. ಸುಕನ್ಯಾ ಓಡಿಬಂದು ಅದನ್ನು ಅವನ ಕೈಯಿಂದ ಕಿತ್ತು ಮತ್ತೆ ಹೊದಿಸಿದಳು. ಸಾಲದೆಂಬಂತೆ ಮೇಲೆ ಎರಡು ಕಲ್ಲನ್ನೂ ಹೇರಿದಳು. ಅಮ್ಮನ ಹೆಣ ಅಂಗಳದಲ್ಲಿರುವಾಗ ಮಗಳು ಸೌದೆಗೆ ಕಾವಲು ನಿಂತರೆ ನೋಡಿದವರು ಸುಮ್ಮನಿರುತ್ತಾರೆಯೇ? ಎಸ್ಟೇಟ್ ಆಳುಗಳ ಲೈನ್ ಮನೆಗಳ ಮುಂದೆ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಮತ್ತೆ ಎಂತದ್ರಲ್ಲಿ ಸುಡೋದು ಮಗಾ?” ರುದ್ರಪ್ಪ ಕೊಡಲಿಯನ್ನು ನೆಲಕ್ಕೂರಿದ. “ಎಸ್ಟೇಟ್ ಸೌದೆಯೆಲ್ಲ ಹೋದ ವಾರ ಲಾರಿ ಹತ್ತಿ ಹೋಯ್ತು. ಈಗ ಕೊಟ್ಟಿರೋ ಸಿಲ್ವರ್ ಮರ ಮೊನ್ನೆ ಕಡ್ದಿದ್ದು, ಇನ್ನೂ ಹಸಿ. ಕೆಳಗೆ ಒಣ ಸೌದೆ ಇಲ್ದಿದ್ರೆ ಬರೀ ಹೊಗೆ ಬರುತ್ತೆ.”

“ಮೂಡಿಗೆರೆಯಿಂದ ತರಿಸ್ತೀನಿ. ಫೋನ್ ಮಾಡ್ತೀನಿ.”

“ಭಾನುವಾರ ಯಾವ ಡಿಪೋ ತೆಗ್ದಿರುತ್ತೆ? ಮನೆ ಹಿಂದೇನೇ ಇಷ್ಟು ಸೌದೆ ಇಟ್ಕೊಂಡು ನೀ ಎಂತ ಮಾತಾಡ್ತೀಯ?”

ಜವರಮ್ಮ ಸತ್ತದ್ದು ಹಿಂದಿನ ದಿನ ಸಂಜೆ. ಒಲೆಯ ಮುಂದೆ ಕೂತವಳು ಎದೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಕೊಟ್ಟಿಗೆಹಾರದಿಂದ ಜೀಪು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅರವತ್ತೆರಡು ವರ್ಷ. ಅದರಲ್ಲಿ ಮೂವತ್ತೈದು ವರ್ಷ ಹೊಸಕಾಡು ಎಸ್ಟೇಟಿನಲ್ಲಿ ಬೋರರ್ ಹುಡುಕಿದವಳು. ಕಾಫಿ ಗಿಡದ ಕಾಂಡ ಕೊರೆದು ಒಳಗೊಳಗೇ ತಿನ್ನುವ ಆ ಹುಳ ಯಾವ ಗಿಡದಲ್ಲಿದೆ ಎಂದು ಹೊರಗಿನಿಂದಲೇ ಗುರುತಿಸಿ, ಕೆಂಪು ಬಟ್ಟೆಯ ಚೂರು ಕಟ್ಟುವುದು ಅವಳ ಕೆಲಸ. ಚೂರು ಕಟ್ಟಿದ ಗಿಡವನ್ನು ಹಿಂದೆ ಬರುವ ಗಂಡಸರು ಬೇರು ಸಮೇತ ಕೀಳುತ್ತಿದ್ದರು. ಎಲೆ ಹಸಿರಾಗಿರುವ, ಕಾಯಿ ತುಂಬಿರುವ ಗಿಡವನ್ನು ಕೀಳಿಸಲು ತೋಟದ ಒಡೆಯರಾದ ದೊಡ್ಡ ಸಾಹುಕಾರರಿಗೂ ಕೈ ಬರುತ್ತಿರಲಿಲ್ಲ. ಜವರಮ್ಮ ಕಟ್ಟಿದ್ದಾಳೆ ಎಂದರೆ ಅವರೂ ಎರಡನೇ ಮಾತಾಡುತ್ತಿರಲಿಲ್ಲ.

ಟಾರ್ಪಾಲಿನಡಿ ಇದ್ದದ್ದು ಅಂಥ ಹನ್ನೆರಡು ಗಿಡ. ಬುಡ ಸಮೇತ, ಕೆಂಪು ಚೂರಿನ ಸಮೇತ. ಆರು ತಿಂಗಳಿಂದ ಜವರಮ್ಮ ಅದರಲ್ಲಿ ಒಂದು ಕಡ್ಡಿಯನ್ನೂ ಒಲೆಗೆ ಹಾಕಿರಲಿಲ್ಲ, ಬೇರೆಯವರಿಗೆ ಮುಟ್ಟಲೂ ಬಿಟ್ಟಿರಲಿಲ್ಲ.

“ಸೌದೆ ಆಸೆಗೇ ಒಳ್ಳೇ ಗಿಡಕ್ಕೆಲ್ಲ ಬಟ್ಟೆ ಕಟ್ತಿದ್ಲಂತೆ,” ಒಬ್ಬಳು ಪಿಸುಗುಟ್ಟಿದಳು. “ಈಗ ಮಗಳಿಗೂ ಬಿಡಕ್ಕೆ ಮನಸ್ಸಿಲ್ಲ ನೋಡು.”

“ಮೊದ್ಲು ಹತ್ತು ದಿನ ಹಳ್ಳದಲ್ಲಿ ಬಚ್ಚಿಟ್ಟಿದ್ಲು ಮಾರಾಯ್ತಿ. ಬೆಳಗಾಗೆದ್ದು ಹೋಗಿ ಮೇಲೆ ಕಲ್ಲು ಹೇರಿ ಬರೋಳು. ನಾನೇ ನೋಡಿದೀನಿ. ಸರಿಯಾಗಿದ್ದೋಳು ನೀರಲ್ಲಿ ಯಾಕೆ ಬಚ್ಚಿಡ್ತಾಳೆ?”

ಮಾತು ಸುಕನ್ಯಾಳ ಕಿವಿಗೂ ಬಿತ್ತು. ತಿರುಗಿ ಜಗಳಕ್ಕೆ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಅಮ್ಮ ಒಳ್ಳೇ ಗಿಡಕ್ಕೆ ಬಟ್ಟೆ ಕಟ್ಟಿದಳೇನೋ ಎಂಬ ಅನುಮಾನ ಅವಳಿಗೂ ಇತ್ತು. ಅಂಗಳದ ತುದಿಯಲ್ಲಿ, ಪೇರಳೆ ಮರದ ಕೆಳಗೆ, ಅವಳು ಚಿಕ್ಕಮ್ಮ ಎಂದೇ ಕರೆಯುವ ಶಂಕರಮ್ಮ ಒಬ್ಬಳೇ ಕೂತಿದ್ದಳು. ಜವರಮ್ಮನ ಜೊತೆ ಇಪ್ಪತ್ತು ವರ್ಷ ಒಂದೇ ಸಾಲಿನಲ್ಲಿ ಕೆಲಸ ಮಾಡಿದವಳು ಬೆಳಗಿನಿಂದ ಹೆಣದ ಹತ್ತಿರ ಬಂದಿರಲಿಲ್ಲ. ಸುಕನ್ಯಾ ಅವಳ ಕಡೆ ನೋಡದಂತೆ ಮುಖ ತಿರುಗಿಸಿದಳು.

*

ದೊಡ್ಡ ಸಾಹುಕಾರರಿಗೆ ಮಂಡಿ ನೋವು ಹೆಚ್ಚಾದ ಮೇಲೆ ಅವರ ತಮ್ಮನ ಮಗ ಮೋಹಿತ್ ತೋಟ ನೋಡಿಕೊಳ್ಳಲು ಬಂದಿದ್ದ. ಕೆಟ್ಟವನಲ್ಲ. ಎಲ್ಲರನ್ನೂ ‘ನೀವು’ ಎಂದೇ ಕರೆಯುತ್ತಿದ್ದ. ಕೆಲಸದವರಲ್ಲಿ ಹುರುಪು ತುಂಬುವುದು ಹೇಗೆಂದು ಚಿಕ್ಕಮಗಳೂರಿನಲ್ಲಿ ಎರಡು ದಿನ ತರಬೇತಿ ಪಡೆದು, ವಾಪಸು ಬರುವಾಗ ಒಂದು ಪ್ರೆಶರ್ ಕುಕ್ಕರ್ ತಂದ. ಅತಿ ಹೆಚ್ಚು ಬೋರರ್ ಗಿಡ ಹುಡುಕಿದವರಿಗೆ ಅದು ಬಹುಮಾನ.

ಕಳೆದ ಸೆಪ್ಟೆಂಬರಿನ ಒಂದೇ ವಾರದಲ್ಲಿ ಜವರಮ್ಮ ಏಳನೇ ಬ್ಲಾಕಿನಲ್ಲಿ ನೂರನಲವತ್ತು ಗಿಡಕ್ಕೆ ಚೂರು ಕಟ್ಟಿದಳು. ಹಿಂದಿನ ವರ್ಷ ಅಲ್ಲಿ ಸಿಕ್ಕಿದ್ದು ಮೂವತ್ತು. ಮೊದಲ ದಿನದ ಹದಿನಾಲ್ಕು ಗಿಡ ಕಿತ್ತಾಗಿತ್ತು. ಕುಕ್ಕರಿನ ಆಸೆಗೆ ಲೆಕ್ಕ ಏರಿಸಿದ್ದಾಳೆಂಬ ಅನುಮಾನದಲ್ಲಿ ಮೋಹಿತ್ ಗರಗಸ ತರಿಸಿದ. ಎರಡು ಗಿಡಗಳನ್ನು ಮೊಣಕಾಲೆತ್ತರದಲ್ಲಿ ಅಡ್ಡಕ್ಕೆ ಕೊಯ್ಯಿಸಿದ. ಮರ ಬೆಳ್ಳಗೆ, ಚೊಕ್ಕವಾಗಿತ್ತು.

“ಎಲ್ಲಮ್ಮಾ ಹುಳ?”

“ಬುಡದಲ್ಲಿ ನೋಡಿ ಸಾರ್. ಕೆಳಗಿಳಿದಿದೆ.”

“ಒಂದೇ ವರ್ಷಕ್ಕೆ ಇಷ್ಟು ಹೇಗೆ ಜಾಸ್ತಿ ಆಗುತ್ತೆ?”

“ನೀವು ಮರ ಕಡಿಸಿ ನೆರಳು ತೆಗೆಸಿದ್ರಲ್ಲ. ಬಿಸ್ಲು ಬಿದ್ದಲ್ಲಿ ಬೋರರ್ ಜಾಸ್ತಿ.”

ಸುತ್ತ ಇಪ್ಪತ್ತು ಆಳು ನಿಂತಿದ್ದರು. ಮೋಹಿತನ ಮುಖ ಕೆಂಪಾಯಿತು. “ಸಾಕು. ನಾಳೆಯಿಂದ ಕಳೆ ತೆಗೆಯೋಕೆ ಹೋಗಿ. ಕೂಲಿ ಅಷ್ಟೇ ಸಿಗುತ್ತೆ, ಒಂದು ರೂಪಾಯಿ ಕಮ್ಮಿ ಆಗಲ್ಲ. ನಿಮ್ಮ ಕಣ್ಣಿಗೂ ಅದೇ ಒಳ್ಳೇದು.”

ಕಣ್ಣು ಎಂದದ್ದೇ ತಡ, ಜವರಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಆಮೇಲೆ ಆಳುಗಳನ್ನು ಒಬ್ಬೊಬ್ಬರಾಗಿ ನೋಡಿದಳು. ಅವಳ ನೋಟ ಶಂಕರಮ್ಮನ ಮೇಲೆ ನಿಂತಿತು. ಅಂದು ಸಂಜೆ, ಕೊಯ್ಯದೆ ಉಳಿದ ಹನ್ನೆರಡು ಗಿಡಗಳನ್ನು ಒಬ್ಬಳೇ ಎಳೆದುಕೊಂಡು ಹೋದಳು. ಇನ್ನುಳಿದ ಗಿಡಗಳಿಗೆ ಕಟ್ಟಿದ ಚೂರುಗಳನ್ನು ಮೋಹಿತ್ ಮಾರನೇ ದಿನ ಬಿಚ್ಚಿಸಿದ. ಕುಕ್ಕರ್ ಈಗಲೂ ಆಫೀಸಿನ ಕಪಾಟಿನಲ್ಲಿ ಡಬ್ಬದೊಳಗೇ ಇದೆ.

*

ಹನ್ನೊಂದು ಗಂಟೆಗೆ ಮೋಹಿತನ ಜೀಪು ಬಂತು. ಬಿಳಿ ಅಂಗಿ, ಕೈಯಲ್ಲಿ ಸೇವಂತಿಗೆ ಹಾರ. ಹೆಂಗಸರು ಎದ್ದು ನಿಂತರು. ಹಾರ ಹಾಕಿ, ಕೈಮುಗಿದು, ಅವನು ಸುಕನ್ಯಾಳ ಹತ್ತಿರ ಬಂದ.

“ಕೆಲಸ ಬಿಡಿ ಅಂತ ನಾನು ಹೇಳ್ಲೇ ಇಲ್ಲ. ಮೂರೇ ದಿನ ಕಳೆ ತೆಗೆದ್ರು, ಆಮೇಲೆ ಬರಲೇ ಇಲ್ಲ. ಅದು ಸುಲಭದ ಕೆಲಸ, ಕೂಲಿನೂ ಅಷ್ಟೇ. ಯಾಕೆ ಹಂಗೆ ಮಾಡಿದ್ರೋ ನಂಗೆ ಇವತ್ತಿಗೂ ಅರ್ಥ ಆಗಿಲ್ಲ.”

ಸುಕನ್ಯಾ ಟಾರ್ಪಾಲಿನ ಮೇಲಿನ ಕಲ್ಲನ್ನು ಸರಿಯಾಗಿಟ್ಟಳು. ಇವನು ಬಂದದ್ದು ಅಮ್ಮನನ್ನು ನೋಡುವುದಕ್ಕೋ, ಟಾರ್ಪಾಲಿನ ಕೆಳಗಿರುವುದನ್ನು ನೋಡುವುದಕ್ಕೋ ಎಂದು ಅವಳಿಗೆ ಅನುಮಾನವಾಯಿತು.

*

ಕಳೆ ತೆಗೆಯಲು ಹೋದ ಮೂರನೇ ದಿನ ಸಂಜೆ ಜವರಮ್ಮ ಕತ್ತಿಯನ್ನು ಸೂರಿಗೆ ಸಿಕ್ಕಿಸಿ ಬಾಗಿಲಲ್ಲಿ ಕೂತಿದ್ದಳು.

“ಕೂಲಿ ಅಷ್ಟೇ ಕೊಡ್ತಾರಲ್ಲಮ್ಮ. ಎಂತ ಆಗ್ಬೇಕು ನಿಂಗೆ?” ಸುಕನ್ಯಾ ಕೇಳಿದ್ದಳು.

“ಕಳೆ ಯಾರು ಬೇಕಾದ್ರೂ ತೆಗೀತಾರೆ. ಮೂರು ದಿನದಿಂದ ಒಬ್ರೂ ನನ್ನ ಕೂಗಿ, ಜವರಕ್ಕ ಈ ಗಿಡ ನೋಡು ಬಾ ಅನ್ಲಿಲ್ಲ.” ಅವಳು ಕಾಲಿಗಂಟಿದ ಮಣ್ಣು ಒರೆಸಿದಳು. “ಮೋಹಿತ್ ಸಾರ್‌ನ ಎರಡ್ ಸಲ ಹೋಗಿ ಕರೆದೆ. ನೀವೇ ಬಂದು ಬುಡ ಸೀಳಿ ನೋಡಿ ಅಂದೆ. ಬರ್ತೀನಿ ಅಂದ್ರು, ಬರ್ಲಿಲ್ಲ.”

“ನೀನೇ ಸೀಳಿ ತಗೊಂಡ್ ಹೋಗಿ ತೋರ್ಸು.”

“ನಾನು ಸೀಳಿದ್ರೆ ಎಲ್ಲಿಂದ್ಲೋ ತಂದಿದ್ದು ಅಂತಾರೆ. ನಂಬದೇ ಇರೋರೇ ಸೀಳ್ಬೇಕು.” ಆಮೇಲೆ ಅವಳ ದನಿ ತಗ್ಗಿತು. “ಕಣ್ಣಿನ ವಿಷ್ಯ ಅವ್ರಿಗೆ ಹೇಳಿದ್ದು ಶಂಕ್ರಿನೇ. ಕಣ್ಣು ತೋರ್ಸೋ ಕ್ಯಾಂಪಿಗೆ ಅವ್ಳೂ ಬಂದಿದ್ಲು. ಇನ್ನು ಅವ್ಳ ಮುಖ ನೋಡಲ್ಲ ನಾನು.”

ಸುಕನ್ಯಾ ಒಲೆ ಊದುವ ನೆಪದಲ್ಲಿ ಒಳಗೆ ಹೋದಳು. ಹೇಳಿದ್ದು ಶಂಕರಮ್ಮನಲ್ಲ. ಸುಕನ್ಯಾ ಕೆಲಸ ಮಾಡುವ ಮೂಡಿಗೆರೆಯ ಮೆಡಿಕಲ್ ಶಾಪಿಗೆ ಮೋಹಿತ್ ತಲೆನೋವಿನ ಮಾತ್ರೆಗೆ ಬಂದಿದ್ದ. ಅಮ್ಮ ಹೇಗಿದ್ದಾರೆ ಎಂದು ಕೇಳಿದ. ಎಡಗಣ್ಣು ಪೂರ್ತಿ ಪೊರೆ ಬಂದಿದೆ ಸಾರ್, ಬಲಗಣ್ಣಿಗೂ ಶುರುವಾಗಿದೆ, ಏನಾದರೂ ಹಗುರದ ಕೆಲಸ ಕೊಡಿ ಎಂದು ಅವಳೇ ಹೇಳಿದ್ದಳು. ಅಮ್ಮನ ಮೇಲಿನ ಪ್ರೀತಿಗೆ ಹೇಳಿದ್ದು. ಯಾರಿಗೂ ಹೇಳಬೇಡ ಎಂದು ಅಮ್ಮ ಆಣೆ ಹಾಕಿಸಿಕೊಂಡಿದ್ದಳು, ಆದರೂ ಹೇಳಿದ್ದಳು. ಅಮ್ಮನ ಕೆಲಸ ಹೋದಾಗಿನಿಂದ ಒಂದೇ ಒಂದು ಸಮಾಧಾನ ಅವಳನ್ನು ಕಾಪಾಡಿಕೊಂಡು ಬಂದಿತ್ತು: ಕಣ್ಣು ಕಾಣದವಳು ಕಂಡಕಂಡ ಗಿಡಕ್ಕೆ ಬಟ್ಟೆ ಕಟ್ಟಿದ್ದಾಳೆ, ನಾನು ಹೇಳಿದ್ದೇ ಸರಿ.

*

“ಹೊತ್ತು ಏರ್ತಾ ಇದೆ,” ಕಳಸದಿಂದ ಬಂದಿದ್ದ ಚಿಕ್ಕಪ್ಪ ಗುರುವಯ್ಯ ರೇಗಿದ. ಕೊಳ್ಳಿ ಇಡಬೇಕಾದವನು ಅವನೇ. “ಎಂತ ಇದೆ ಅದರೊಳಗೆ? ಅತ್ತಿಗೆ ಒಡವೆ ಗಿಡವೆ ಏನಾರ ಮುಚ್ಚಿಟ್ಟಿದ್ದಾಳಾ?”

ಯಾರೋ ಕಿಸಕ್ಕೆಂದರು. ಸುಕನ್ಯಾ ಟಾರ್ಪಾಲಿನ ಮೇಲಿಟ್ಟಿದ್ದ ಕೈ ತೆಗೆಯಲಿಲ್ಲ. ಬುಡಗಳು ಚೊಕ್ಕವಾಗಿದ್ದರೆ ಅಮ್ಮ ಇಡೀ ಲೈನಿನ ಮುಂದೆ ಸುಳ್ಳಿಯಾಗಿ, ಅದೇ ಸೌದೆಯಲ್ಲಿ ಸುಟ್ಟುಹೋಗುತ್ತಾಳೆ. ಹುಳ ತಿಂದಿದ್ದರೆ? ಅದನ್ನು ಯೋಚಿಸಲು ಅವಳಿಗೆ ಇನ್ನೂ ಭಯವಾಗುತ್ತಿತ್ತು. ಮುಚ್ಚಿಕೊಂಡೇ ಇದ್ದರೆ ಎರಡೂ ಇಲ್ಲ. ಆದರೆ ಅಮ್ಮನ ಮುಖದ ಮೇಲೆ ನೊಣ ಕೂರತೊಡಗಿತ್ತು. ಸುಕನ್ಯಾ ಸರಿದು ನಿಂತಳು.

ರುದ್ರಪ್ಪ ಮೊದಲ ಗಿಡದ ಮೇಲಿನ ಕಾಂಡ ಕಡಿದು ಎರಡು ಹೋಳು ಮಾಡಿದ. ಚೊಕ್ಕ ಮರ. ಎರಡನೆಯದು, ಅದೂ ಚೊಕ್ಕ. “ಎಂತದೂ ಇಲ್ವಲ್ಲ ಮಾರಾಯ,” ಗುರುವಯ್ಯ ಅಂದ. ಮೋಹಿತನ ಮುಖದಲ್ಲಿ ಒಂದು ನಿರಾಳ ಬಂದದ್ದು ಎಲ್ಲರಿಗೂ ಕಂಡಿತು. ತನಗೂ ಅಂಥದೇ ನಿರಾಳವಾಯಿತೆಂದು ತಿಳಿದು ಸುಕನ್ಯಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಬುಡ ಬೇಡ ಬಿಡಿ ಮಾವ, ಇಷ್ಟು ಸಾಕು,” ಅಂದಳು.

“ಬುಡನೇ ಅಲ್ವಾ ಚೆನ್ನಾಗಿ ಉರಿಯೋದು.” ರುದ್ರಪ್ಪ ಬುಡವನ್ನು ನೆಟ್ಟಗೆ ನಿಲ್ಲಿಸಿ ಕೊಡಲಿ ಬೀಸಿದ.

ಅದು ಎರಡಾಗಿ ಬಿತ್ತು. ಬಿದ್ದ ಹೋಳಿನಿಂದ ಹಿಟ್ಟಿನಂಥ ಪುಡಿ ಸುರಿಯಿತು. ನಡುಮರದಲ್ಲಿ ಕಿರುಬೆರಳು ಹೋಗುವಷ್ಟು ಅಗಲದ ದಾರಿ ಸುತ್ತಿ ಸುತ್ತಿ ಬೇರಿನೊಳಕ್ಕೆ ಇಳಿದಿತ್ತು. ರುದ್ರಪ್ಪ ಕೊಡಲಿಯ ಮೂತಿಯಿಂದ ಕೆದಕಿ, ಒಣಗಿ ಮುರುಟಿದ್ದ ಹುಳವೊಂದನ್ನು ಅಂಗೈ ಮೇಲೆ ಹಾಕಿಕೊಂಡ.

“ಮುಳುಗಿ ಸತ್ತಿದೆ,” ಅಂದ. “ಅದಕ್ಕೇ ಹಳ್ಳದಲ್ಲಿ ಹಾಕಿದ್ದು. ಹಂಗೇ ಇಟ್ರೆ ಹುಳಕ್ಕೆ ರೆಕ್ಕೆ ಬಂದು ಹಾರಿಹೋಗಿ ಬೇರೆ ಗಿಡಕ್ಕೆ ಕೂರುತ್ತೆ ಅಂತ ನೆನೆಸಿಟ್ಟಿದ್ದಾಳೆ. ಇವ್ಳನ್ನ ಆ ಕೆಲಸದಿಂದ ತೆಗೆದ ತೋಟದ ಗಿಡ ಉಳಿಸಕ್ಕೆ!”

ಬಚ್ಚಿಟ್ಟಿದ್ದನ್ನು ಕಣ್ಣಾರೆ ನೋಡಿದ್ದ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರುದ್ರಪ್ಪ ಇನ್ನೊಂದು ಬುಡ ಸೀಳಿದ, ಮತ್ತೊಂದು ಸೀಳಿದ. ಐದನೆಯದರಲ್ಲಿ ಏನೂ ಇರಲಿಲ್ಲ. ಆರನೆಯದು ಪೂರ್ತಿ ಟೊಳ್ಳು. ಮೋಹಿತ್ ಬಗ್ಗಿ ಒಂದು ಹೋಳನ್ನು ಎತ್ತಿಕೊಂಡ. ಪುಡಿ ಅವನ ಬಿಳಿ ಅಂಗಿಯ ಮೇಲೆಲ್ಲ ಉದುರಿತು.

“ಅಲ್ಲಿ ಇನ್ನೂ ನೂರಿಪ್ಪತ್ತಾರು ಗಿಡ ಇವೆ,” ಅಂದ. “ಚೂರೆಲ್ಲ ಬಿಚ್ಚಿಸಿಬಿಟ್ಟೆ. ಯಾವ್ದು ಅಂತ ಈಗ ಯಾರಿಗೆ ಗೊತ್ತು?” ಮತ್ತೆ, ಯಾರಾದರೊಬ್ಬರ ಮೇಲೆ ಭಾರ ಇಳಿಸದೆ ನಿಲ್ಲಲಾಗದವನಂತೆ ಸುಕನ್ಯಾಳ ಕಡೆ ತಿರುಗಿದ. “ಅಮ್ಮನಿಗೆ ಕಣ್ಣು ಕಾಣಲ್ಲ ಅಂತ ನೀವೇ ಅಲ್ವಾ ಹೇಳಿದ್ದು? ನಿಮ್ಮ ಅಂಗಡಿಯಲ್ಲಿ?”

ಪೇರಳೆ ಮರದ ಕೆಳಗಿದ್ದ ಶಂಕರಮ್ಮ ಎದ್ದು ನಿಂತಳು. ನಿಧಾನಕ್ಕೆ ಬಂದಳು. ಹೆಂಗಸರು ದಾರಿ ಬಿಟ್ಟರು.

“ನಾನೇ ಹೇಳಿದ್ದು ಚಿಕ್ಕಮ್ಮ,” ಸುಕನ್ಯಾ ಅಂದಳು. “ನೀವು ಅಂತ ಅಮ್ಮ ತಿಳ್ಕೊಂಡಿದ್ಲು. ಅಲ್ಲ ಅಂತ ನಾನು ಹೇಳ್ಲಿಲ್ಲ.”

“ಆರು ತಿಂಗ್ಳು,” ಶಂಕರಮ್ಮ ಅಂದಳು. “ಆರು ತಿಂಗ್ಳು ನನ್ನ ಬಾಗ್ಲು ಮುಂದೆ ಹಾದು ಹೋದ್ರೂ ತಲೆ ಎತ್ತಿ ನೋಡ್ಲಿಲ್ಲ ಅವ್ಳು. ನಾನು ಎಂತ ತಪ್ಪು ಮಾಡಿದೆ ಅಂತ ದಿನಾ ಯೋಚನೆ ಮಾಡ್ತಿದ್ದೆ.”

ಹೊಡೆಯುತ್ತಾಳೆ ಎಂದುಕೊಂಡಳು ಸುಕನ್ಯಾ. ಹೊಡೆದಿದ್ದರೆ ಚೆನ್ನಾಗಿತ್ತು. ಶಂಕರಮ್ಮ ರಾಶಿಯಿಂದ ಸೀಳದ ಒಂದು ಬುಡವನ್ನು ಎಳೆದುಕೊಂಡಳು. ಸೆರಗಿನಿಂದ ತೊಗಟೆಯ ಧೂಳು ಒರೆಸಿ, ಸುಕನ್ಯಾಳ ಬಲಗೈಯನ್ನು ಒರಟಾಗಿ ಹಿಡಿದು, ಹೆಬ್ಬೆರಳನ್ನು ಕಾಂಡದ ಮೇಲೆ ಒತ್ತಿದಳು.

“ಕಣ್ಣು ಮುಚ್ಚು.”

“ಚಿಕ್ಕಮ್ಮ…”

“ಮುಚ್ಚು ಅಂದೆ. ನಿಮ್ಮಮ್ಮ ಯಾವತ್ತೂ ಕಣ್ಣಲ್ಲಿ ನೋಡಿದೋಳಲ್ಲ.”

ಸುಕನ್ಯಾ ಕಣ್ಣು ಮುಚ್ಚಿದಳು. ಮೊದಲಿಗೆ ಬರೀ ಒರಟು ತೊಗಟೆ. ಶಂಕರಮ್ಮ ಹೆಬ್ಬೆರಳನ್ನು ಮೆಲ್ಲಗೆ ಕೆಳಕ್ಕೆ ಸರಿಸಿದಳು. ಅಲ್ಲಿ ಸಿಕ್ಕಿತು. ಮುದುಕಿಯ ಮುಂಗೈ ನರದಂಥ ಸಣ್ಣ ಉಬ್ಬು. ತೊಗಟೆಯ ಅಡಿಯಲ್ಲಿ ಹುಳ ಹೋದ ಆ ದಾರಿ ಬಾಗಿ, ಕಾಂಡವನ್ನು ಸುತ್ತಿಕೊಂಡು ಬುಡದತ್ತ ಹೋಗುತ್ತಿತ್ತು.

ಶಂಕರಮ್ಮ ಕೈ ಬಿಟ್ಟಳು. ಗುರುವಯ್ಯ ಹೊತ್ತಾಯಿತೆಂದು ಕೂಗಿದ. ರುದ್ರಪ್ಪ ಈ ಬುಡಕ್ಕಾಗಿ ಕೊಡಲಿ ಹಿಡಿದು ಕಾಯುತ್ತಿದ್ದ. ಸುಕನ್ಯಾ ಕಣ್ಣು ತೆರೆಯಲಿಲ್ಲ. ಅವಳ ಹೆಬ್ಬೆರಳು ಆ ಉಬ್ಬನ್ನು ಹಿಡಿದು ಕಾಂಡವನ್ನು ಒಂದು ಸುತ್ತು ಬಂದು, ಕೆಂಪು ಚೂರಿನ ಗಂಟಿನ ಹತ್ತಿರ ಒಂದು ಗಳಿಗೆ ನಿಂತು, ಮತ್ತೆ ಮೊದಲಿನಿಂದ ಸುತ್ತತೊಡಗಿತು.