ಮೂವತ್ತೇಳನೇ ಪುಟದ ನದಿ

ಗಂಡ ತೀರಿಕೊಂಡು ಐದು ತಿಂಗಳಾದ ಮೇಲೆ ಕರಡಮ್ಮ ಯುದ್ಧ ಕಲಿಯಲು ಹೊರಟಳು. ಅರವತ್ತು ದಾಟಿದ ಹೆಂಗಸರು ಏನೇನೋ ಕಲಿಯುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಆದರೆ ಭಾನುವಾರ ಮಧ್ಯಾಹ್ನ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ರಟ್ಟಿನ ಸೈನ್ಯ ನಡೆಸುತ್ತೇನೆ ಎಂದಾಗ ಅವಳ ತಂಗಿ ಫೋನಿನಲ್ಲೇ ಗೊಳ್ಳೆಂದು ನಕ್ಕಳು.

"ಅಕ್ಕ, ನಿನಗೇನು ತಲೆ ಕೆಟ್ಟಿದೆಯಾ? ಭಾವನ್ನ ಹಣ್ಣುಗಾಯಿ ನೀರುಗಾಯಿ ಮಾಡಿದ ಆಟ ಅದು."

"ಅದಕ್ಕೇ ಕಲೀತಿದ್ದೀನಿ," ಎಂದಳು ಕರಡಮ್ಮ.

ಕರಡಮ್ಮ ಎನ್ನುವುದು ಅಚ್ಚುಕೂಟದವರು ಇಟ್ಟ ಹೆಸರು. ಮೂವತ್ತೆರಡು ವರ್ಷ ಅಲ್ಲಿ ಕರಡು ತಿದ್ದಿದವಳು. ಬೆನ್ನ ಹಿಂದೆ ಅದು ಕರಡಿಯಮ್ಮ ಆಗುತ್ತಿತ್ತು, ಅದೂ ಅವಳಿಗೆ ಗೊತ್ತಿತ್ತು. ಪಠ್ಯಪುಸ್ತಕ, ರೈಲಿನ ವೇಳಾಪಟ್ಟಿ, ಔಷಧಿ ಡಬ್ಬಿಯೊಳಗೆ ಮಡಚಿಡುವ ಇರುವೆಯಂಥ ಅಕ್ಷರದ ಚೀಟಿ, ಯಾವುದರಲ್ಲೂ ತಪ್ಪೊಂದು ಅವಳ ಕಣ್ಣು ತಪ್ಪಿಸಿ ಅಚ್ಚಾದದ್ದು ಕಡಿಮೆ.

ಗಂಡ ಸರ್ವೆಯರ್ ಆಗಿದ್ದ. ಹದಿನೆಂಟು ವರ್ಷ, ಪ್ರತಿ ಭಾನುವಾರ, ಎರಡು ಗಂಟೆಗೆ ಗೆಳೆಯನ ಆ ಕನ್ನಡಕದಂಗಡಿಗೆ ಹೋಗಿ, ಸೋತು, ಆರಕ್ಕೆ ಮನೆಗೆ ಬರುತ್ತಿದ್ದ. ಒಂದು ಸಲವೂ ಗೆದ್ದವನಲ್ಲ. ಚಪ್ಪಲಿ ಒಂದು ಮೂಲೆಗೆ ಹೋಗುತ್ತಿತ್ತು, ಚೀಲ ಇನ್ನೊಂದು ಮೂಲೆಗೆ. ಊಟಕ್ಕೆ ಕೂತರೆ ಉಪ್ಪು ಹೆಚ್ಚು, ನೀರು ಕೊಟ್ಟರೆ ಲೋಟ ಕೊಳಕು. ಒಮ್ಮೆ ತಟ್ಟೆಯನ್ನೇ ಆಚೆ ತಳ್ಳಿ, "ನಿನ್ನ ಮುಖ ನೋಡ್ಕೊಂಡು ಹೋದ್ರೆ ಇನ್ನೇನಾಗುತ್ತೆ," ಎಂದಿದ್ದ. ಅಲ್ಲಿಂದ ಬುಧವಾರದವರೆಗೆ ಮನೆಯಲ್ಲಿ ಮಾತಿಲ್ಲ. ಗುರುವಾರ, ಶುಕ್ರವಾರ, ಶನಿವಾರ ಅವನು ಒಳ್ಳೆಯ ಗಂಡ. ಮತ್ತೆ ಭಾನುವಾರ.

ಕರಡಮ್ಮ ಅದನ್ನೆಲ್ಲ ನುಂಗಿಕೊಂಡಳು. ಪಾಪ, ಸೋತು ಬಂದವನು, ಸಿಟ್ಟನ್ನು ಎಲ್ಲಿಗೆ ಒಯ್ಯಬೇಕು ಎಂದು ತಾನೇ ಅವನ ಪರ ವಕೀಲಿಕೆ ಮಾಡಿಕೊಳ್ಳುತ್ತಿದ್ದಳು. ಅವಳ ಸಿಟ್ಟೆಲ್ಲ ಕನ್ನಡಕದವರ ಮೇಲೆ. ಒಂದು ಸಲ, ಒಂದೇ ಒಂದು ಸಲ, ಆ ಮನುಷ್ಯ ಬಿಟ್ಟುಕೊಡಬಾರದಿತ್ತೇ? ಅವರನ್ನು ಅವರದೇ ಮೇಜಿನ ಮೇಲೆ ಸೋಲಿಸಬೇಕು, ಅದೂ ಗಂಡ ಆಡಿಸುತ್ತಿದ್ದ ನೀಲಿ ಸೈನ್ಯದಿಂದಲೇ ಸೋಲಿಸಬೇಕು. ಇಷ್ಟಾದರೆ ಗಂಡನ ಋಣ ತೀರಿತು ಎಂದುಕೊಂಡಿದ್ದಳು.

ಕನ್ನಡಕದವರು ಆಕೆ ಬಂದದ್ದಕ್ಕೆ ಹಿಗ್ಗಿಹೋದರು. ಅವರಿಗೂ ಭಾನುವಾರಗಳು ಖಾಲಿ ಬಿದ್ದಿದ್ದವು. ಮೇಜಿನ ತುಂಬ ನಕ್ಷೆ ಹಾಸಿದರು. ನಕ್ಷೆಯ ತುಂಬ ಆರು ಮೂಲೆಯ ಮನೆಗಳು, ಮನೆಗಳ ಮೇಲೆ ಕಾಡು, ಕೆಸರು, ಗುಡ್ಡ, ನಡುವೆ ಒಂದು ನದಿ. ಇನ್ನೂರು ಚಿಲ್ಲರೆ ಬಿಲ್ಲೆಗಳು, ಒಂದೊಂದರ ಮೇಲೂ ಎರಡೆರಡು ಅಂಕಿ.

"ನಾಲ್ಕು, ಮೂರು ಅಂತಿದೆಯಲ್ಲ, ಏನದು?"

"ನಾಲ್ಕು ಬಲ, ಮೂರು ನಡಿಗೆ, ಅತ್ತಿಗೆ. ಒಂದು ಸರದಿಗೆ ಮೂರು ಮನೆ ಹೋಗಬಹುದು. ಕಾಡಾದ್ರೆ ಒಂದೇ. ಕೆಸರಾದ್ರೆ ಹೋಗೋ ಹಾಗೇ ಇಲ್ಲ."

"ಹೋಗೋ ಹಾಗಿಲ್ಲ ಅಂದ್ಮೇಲೆ ಕೆಸರು ಯಾಕೆ ಇಟ್ಟಿದ್ದಾರೆ?"

"ನಾವು ಹೋಗಿ ಬೀಳಲಿ ಅಂತ."

ಅವಳು ಹೋಗಿ ಬಿದ್ದಳು. ಮೊದಲ ದಿನ ಫಿರಂಗಿಗಳನ್ನು ಎಲ್ಲರಿಗಿಂತ ಮುಂದೆ ಕಳಿಸಿದಳು, ಕುದುರೆ ಸವಾರರನ್ನು ಕಾಡಿನಲ್ಲಿ ಕೂಡಿಹಾಕಿದಳು, ಸೇನಾಪತಿಯನ್ನು ಗುಡ್ಡದ ಮೇಲೆ ಒಬ್ಬಂಟಿ ಬಿಟ್ಟಳು. ನಾಲ್ಕನೇ ಸರದಿಗೆ ಎಲ್ಲ ಮುಗಿದಿತ್ತು. ಎರಡನೇ ಭಾನುವಾರ ಆರನೇ ಸರದಿವರೆಗೆ ತಡೆದಳು. ಮೂರನೇ ಭಾನುವಾರದ ಹೊತ್ತಿಗೆ ಆಟದ ಗುಟ್ಟು ಅವಳಿಗೆ ಹೊಳೆಯಿತು. ಇಲ್ಲಿ ಸೈನ್ಯ ಸಾಯುವುದು ಗುಂಡಿಗಲ್ಲ, ಹಸಿವಿಗೆ. ಪ್ರತಿ ಬಿಲ್ಲೆಗೂ ಹಿಂದಿನ ಉಗ್ರಾಣದವರೆಗೆ ತೆರೆದ ದಾರಿ ಇರಬೇಕು. ಆ ದಾರಿಯ ಪಕ್ಕದ ಮನೆಯಲ್ಲಿ ಶತ್ರು ಬಂದು ನಿಂತರೆ ದಾರಿ ಕಡಿದ ಹಾಗೆ. ಕಡಿದರೆ ಬಿಲ್ಲೆ ಬೋರಲು, ಅದು ಮತ್ತೆ ಕೈಯೆತ್ತುವುದಿಲ್ಲ.

ನೀಲಿಯ ದಾರಿ ಉದ್ದಕ್ಕೂ ನದಿಯ ದಡದಲ್ಲೇ ಇತ್ತು. ಕನ್ನಡಕದವರು ಆಚೆ ದಡದಲ್ಲಿ ನಾಲ್ಕು ಕೆಂಪು ಬಿಲ್ಲೆ ತಂದಿಟ್ಟು, "ಊಟ ಬಂದ್ ಅತ್ತಿಗೆ," ಎಂದು ಅವಳ ಸೈನ್ಯವನ್ನು ಒಂದೊಂದಾಗಿ ಬೋರಲು ಹಾಕುತ್ತಿದ್ದರು. ನಾಲ್ಕನೇ ಭಾನುವಾರವೂ ಹಾಗೇ ಆಯಿತು.

ಅವತ್ತು ಅವಳು ರೂಲ್ಸ್ ಪುಸ್ತಕ ಕೇಳಿದಳು. ಡಬ್ಬಿಯಲ್ಲಿ ಎರಡಿದ್ದವು, ಒಬ್ಬೊಬ್ಬ ಆಟಗಾರನಿಗೆ ಒಂದು. ಕನ್ನಡಕದವರು ಗಂಡನ ಪಾಲಿನದನ್ನು ಕೊಟ್ಟರು. "ಓದಕ್ಕಾಗಲ್ಲ ಅತ್ತಿಗೆ, ತಲೆನೋವು. ನಾನೇ ಮೊದಲು ಹೇಗೋ ಓದಿ ಅಣ್ಣನಿಗೆ ಹೇಳಿಕೊಟ್ಟಿದ್ದು."

ಊರಿಗೆಲ್ಲ ಸಣ್ಣಕ್ಷರ ಓದಿಸುವವರು ಹೇಳುವ ಮಾತು ನೋಡು ಎಂದುಕೊಂಡು ಅವಳು ಪುಸ್ತಕ ಮನೆಗೆ ತಂದಳು. ಕಿಟಕಿಯ ಬೆಳಕಿಗೆ ಕೂತು, ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟು, ಕರಡು ಓದಿದ ಹಾಗೆಯೇ ಓದಿದಳು. ಗುರುವಾರದ ಹೊತ್ತಿಗೆ ಹನ್ನೊಂದು ಅಚ್ಚಿನ ತಪ್ಪು ಸಿಕ್ಕಿದ್ದವು. ಶುಕ್ರವಾರ ಮೂವತ್ತೇಳನೇ ಪುಟದ ಅಡಿಯಲ್ಲಿ, ಇನ್ನೂ ಸಣ್ಣ ಅಕ್ಷರದಲ್ಲಿ, ಒಂದು ಸಾಲು ಸಿಕ್ಕಿತು: ನಡುವೆ ನದಿಯಿದ್ದರೆ ಪಕ್ಕದ ಮನೆಯ ಶತ್ರು ದಾರಿಯನ್ನು ಕಡಿಯಲಾರ.

ಸಾಲಿನ ಪಕ್ಕದಲ್ಲಿ ಪೆನ್ಸಿಲಿನ ಒಂದು ಗುರುತು, ಅದರ ಕೆಳಗೆ ತಾರೀಕು. ಅದು ಗಂಡನ ಕೈಬರಹ. ಕಂಡದ್ದಕ್ಕೆಲ್ಲ ಗುರುತು ಹಾಕಿ ತಾರೀಕು ಬರೆಯುವುದು ಸರ್ವೆಯವನ ಚಾಳಿ. ತಾರೀಕು ಹದಿನಾರು ವರ್ಷ ಹಿಂದಿನ ಮಾರ್ಚ್ ತಿಂಗಳದು.

ಕರಡಮ್ಮನ ಮೈ ಉರಿದುಹೋಯಿತು. ಅವನಿಗೆ ಗೊತ್ತಿತ್ತು. ಗೊತ್ತಿದ್ದವನು ಹೇಳದೆ ಇರುತ್ತಾನೆಯೇ? ಹೇಳಿರುತ್ತಾನೆ, ಈ ಕನ್ನಡಕದ ಮಹಾಶಯ ದಬಾಯಿಸಿ ಬಾಯಿ ಮುಚ್ಚಿಸಿರುತ್ತಾನೆ. ಮೋಸದಲ್ಲಿ ಗೆದ್ದು, ಗಂಡನನ್ನು ಪ್ರತಿ ವಾರ ಆ ಸ್ಥಿತಿಯಲ್ಲಿ ಮನೆಗೆ ಅಟ್ಟಿದ್ದಾನೆ. ಶನಿವಾರವಿಡೀ ಅವಳು ಬೈಗುಳಗಳನ್ನು ಜೋಡಿಸಿಕೊಂಡಳು. ಮೂವತ್ತೆರಡು ವರ್ಷ ಅಚ್ಚುಕೂಟದಲ್ಲಿದ್ದವಳಿಗೆ ಅವೇನೂ ಕಡಿಮೆ ಬೀಳಲಿಲ್ಲ.

ಭಾನುವಾರ ಕನ್ನಡಕದವರು ಎಂದಿನಂತೆ ಆಚೆ ದಡದಲ್ಲಿ ಕೆಂಪು ಬಿಲ್ಲೆ ಇಟ್ಟು, ಅವಳ ಬಿಲ್ಲೆಗೆ ಕೈಹಾಕಿದರು.

"ಮುಟ್ಟಬೇಡಿ," ಎಂದಳು ಕರಡಮ್ಮ. ಪುಸ್ತಕ ತೆರೆದು ಅವರ ಮುಂದೆ ತಳ್ಳಿದಳು. "ಇದನ್ನ ಓದಿ."

ಅವರು ಕನ್ನಡಕ ಬದಲಿಸಿ ಓದಿದರು. ಇನ್ನೊಮ್ಮೆ ಓದಿದರು. ಕಿವಿಯ ತುದಿಯವರೆಗೆ ಕೆಂಪಾದರು.

"ಅಯ್ಯೋ ಅತ್ತಿಗೆ. ನಾನು ಇದನ್ನ ನೋಡೇ ಇಲ್ಲ. ಇಷ್ಟು ವರ್ಷ ತಪ್ಪಾಗಿ ಆಡಿದ್ವಲ್ಲ."

"ಅವರು ಹೇಳಲಿಲ್ವಾ ನಿಮಗೆ?"

"ಯಾರು?"

ಅವಳು ಪೆನ್ಸಿಲಿನ ಗುರುತಿನ ಮೇಲೆ ಬೆರಳಿಟ್ಟಳು. ಕನ್ನಡಕದವರು ತಾರೀಕನ್ನು ಬಹಳ ಹೊತ್ತು ನೋಡಿದರು. ನಾಟಕವಾಗಿದ್ದರೆ ಅವಳಿಗೆ ತಿಳಿಯುತ್ತಿತ್ತು. ಅದು ನಾಟಕವಾಗಿರಲಿಲ್ಲ.

"ಅದರ ಹಿಂದಿನ ತಿಂಗಳೇ ನನ್ನ ಹೆಂಡತಿ ಬಿಟ್ಟು ಹೋಗಿದ್ದು. ಅಂಗಡಿ ಬಾಗಿಲು ಸಹ ತೆಗೀತಿರಲಿಲ್ಲ ನಾನು. ಇದೊಂದು ಆಟ ಗೆಲ್ತಿದ್ನಲ್ಲ, ಅದೊಂದೇ ನನ್ನ ಕೈಲಾಗೋದು ಅಂತ ಅಣ್ಣನ ಹತ್ರ ಹೇಳ್ಕೊಂಡಿದ್ದೆ. ಅದಕ್ಕೇ ಸುಮ್ಮನಿದ್ದುಬಿಟ್ರು. ಕೆಂಪು ತಗೊಳ್ಳಿ ಅಂದ್ರೂ, ನೀಲಿ ನನಗೇ ಇರ್ಲಿ ಅಂತಿದ್ರು." ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಸೋತಾಗ್ಲೂ ಎಷ್ಟು ನಗ್ತಿದ್ರು ಗೊತ್ತಾ? ನನ್ನ ಬೆನ್ನು ತಟ್ಟಿ, ನಗ್ತಾ ಎದ್ದು ಹೋಗ್ತಿದ್ರು."

ಕರಡಮ್ಮ ನಕ್ಷೆ ನೋಡುತ್ತ ಕೂತಳು. ಮೊದಲ ಎರಡು ವರ್ಷ ಸೋತದ್ದು, ಉಳಿದ ಹದಿನಾರು ಸೋತುಕೊಟ್ಟದ್ದು. ಸೋತವನ ಸಿಟ್ಟನ್ನು ಅವಳು ಕ್ಷಮಿಸಿದ್ದಳು. ಇವನು ಸೋತವನೇ ಅಲ್ಲ. ಗೆಳೆಯನ ಮನಸ್ಸು ನೋಯಬಾರದೆಂದು ನಗುವನ್ನೆಲ್ಲ ಇಲ್ಲೇ ಕೊಟ್ಟು, ಔದಾರ್ಯದ ಎಂಜಲನ್ನು ಅವಳಿಗೆ ತಂದವನು. ಒಂದು ಮಾತು ಹೇಳಿದ್ದರೆ ಅವಳೂ ಅದರಲ್ಲಿ ಪಾಲುದಾರಳಾಗುತ್ತಿದ್ದಳು, ಕನ್ನಡಕದವರ ಸಲುವಾಗಿ ಖುಷಿಯಿಂದಲೇ ಸಹಿಸುತ್ತಿದ್ದಳು. ಹೇಳುವಷ್ಟು ದೊಡ್ಡ ಮನುಷ್ಯಳೆಂದು ಅವನಿಗೆ ಅನ್ನಿಸಿರಲಿಲ್ಲ.

"ನಿಮಗಂತೂ ಹೇಳಿರ್ತಾರೆ ಅಲ್ವಾ ಅತ್ತಿಗೆ? ಇಂಥದ್ದನ್ನ ಹೆಂಡತಿ ಹತ್ರ ಹೇಳ್ಕೊಳ್ಳದೆ ಇರ್ತಾರಾ?"

"ಹೇಳ್ತಿದ್ರು," ಎಂದಳು ಕರಡಮ್ಮ. "ಪ್ರತಿ ಭಾನುವಾರ ಮನೆಗೆ ಬಂದ ಕೂಡಲೇ ಹೇಳ್ತಿದ್ರು."

ಅವರಿಗೆ ಅದು ಸಮಾಧಾನ ತಂದಿತು. ಮೂಗು ಒರೆಸಿಕೊಂಡು, ಆಟ ಮುಂದುವರಿಸೋಣ, ಸರಿಯಾದ ರೂಲ್ಸಿನಲ್ಲೇ ಆಡೋಣ ಎಂದರು. ನೀಲಿ ಸೈನ್ಯಕ್ಕೆ ಈಗ ಹೊಟ್ಟೆ ತುಂಬ ಊಟವಿತ್ತು. ಎಂಟನೇ ಸರದಿಯಲ್ಲಿ ಅದು ನದಿ ದಾಟಿತು, ಹತ್ತನೇ ಸರದಿಯಲ್ಲಿ ಕೆಂಪಿನ ಉಗ್ರಾಣ ಅವಳ ಕೈಸೇರಿತು. ಕನ್ನಡಕದವರು ಎದ್ದು ನಿಂತು ಚಪ್ಪಾಳೆ ತಟ್ಟಿ, ಅಣ್ಣ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರು ಎಂದರು. ಅವಳು ಪುಸ್ತಕವನ್ನು ಡಬ್ಬಿಗೆ ಹಾಕಿ, ಬರುತ್ತೇನೆಂದು ಹೇಳಿ ಹೊರಟಳು.

ಮನೆ ತಲುಪಿ ಬೀಗ ತೆಗೆದು ಚಪ್ಪಲಿಯನ್ನು ಒಂದು ಮೂಲೆಗೆ ಎಸೆದಳು, ಚೀಲವನ್ನು ಇನ್ನೊಂದು ಮೂಲೆಗೆ. ಮೈಯಲ್ಲಿ ಹದಿನಾರು ವರ್ಷದ ಸಿಟ್ಟು. ಅವನಿಗಾದರೆ ತಂದು ಸುರಿಯಲು ಅವಳಿದ್ದಳು. ಅವಳಿಗೆ ಯಾರೂ ಇರಲಿಲ್ಲ.